ಮೆಟ್ಟಿಲ ತಿರುವು

(ಪೆಂಟ್ರೆಗೋಕ್ ಎಂಬ ಗಣಿ ಊರಿನ ಹಳೇ ಆಸ್ಪತ್ರೆ, ವೇಲ್ಸ್)

ಬನ್ನಿ ಮಿಸ್ಟರ್ ಪ್ರಾಸರ್, ಎಡಗಡೆ ಬಾಗಿಲಿಂದಲೇ ಬನ್ನಿ.
ಮುಂಬಾಗಿಲು ಡಾಕ್ಟರಿಗೆ, ಮೇಟ್ರನ್ನಿಗೆ, ಮತ್ತೆ
ವರ್ಷಕ್ಕೊಮ್ಮೆ ಗರಿಯ ಟೋಪಿಯಲ್ಲಿ ಬರುತ್ತಿದ್ದ
ಗಣಿ ಧಣಿಯ ಹೆಂಡತಿಗೆ.
ನಲವತ್ತೊಂದು ವರ್ಷ ನೆಲ ಉಜ್ಜಿದವಳು ನಾನು,
ಈಗ ಎಲ್ಲ ಬೀಗದ ಕೈ ನನ್ನ ಹತ್ತಿರವೇ ಇದ್ದರೂ
ಕಾಲು ಇತ್ತಲೇ ತಿರುಗುತ್ತದೆ.

ನಿಮ್ಮ ಫಾರಂ ನೋಡಿದೆ.
‘ಕಟ್ಟಡದ ಗಮನಾರ್ಹ ಅಂಶಗಳು’,
ಕೆಳಗೆ ನಾಲ್ಕೇ ಗೆರೆ.
ಗೋಪುರದ ಗಡಿಯಾರ ಬರೆಯುತ್ತೀರೇನೋ. ಬರೆಯಿರಿ.
ಅದು ಒಂದು ದಿನವೂ ಸರಿ ಹೊತ್ತು ತೋರಿಸಿದ್ದಲ್ಲ,
ನಾವು ಗಣಿಯ ಸೈರನ್ನೇ ನಂಬಿದ್ದವರು.

ಕಲ್ಲು ಕೊಟ್ಟವನ ಹೆಸರು ಫಲಕದಲ್ಲಿದೆ, ಚಿನ್ನದ ಅಕ್ಷರ.
ಇಟ್ಟಿಗೆ, ಮಂಚ, ಸುಣ್ಣ, ಕಾರ್ಬಾಲಿಕ್ಕು,
ಮೊದಲ ಡಾಕ್ಟರ ಕುದುರೆಯ ಹುಲ್ಲು ಕೂಡ
ವಾರಕ್ಕೊಂದು ಪೆನ್ನಿ,
ಕೂಲಿ ಕೈ ಸೇರುವ ಮೊದಲೇ ಮುರಿದುಕೊಂಡದ್ದು,
ಎಂಟುನೂರು ಗಂಡಸರದು.
ಅದಕ್ಕೆ ಫಲಕವಿಲ್ಲ. ಲೆಡ್ಜರಿದೆ.
ಇಲ್ಲಲ್ಲ, ನಮ್ಮನೆ ಮಂಚದಡಿ.
ಆಸ್ಪತ್ರೆ ಮುಚ್ಚಿದ ದಿನ ಕಸದ ಲಾರಿಗೆ ಎಸೆಯುತ್ತಿದ್ದರು,
ಏಪ್ರನ್ನಿನಲ್ಲಿ ಸುತ್ತಿ ತಂದೆ.
ಕದ್ದಳು ಅಂತಲೇ ಬರೆದುಕೊಳ್ಳಿ.

ಇಗೋ, ಮೆಟ್ಟಿಲು. ಇಲ್ಲಿ, ತಿರುವಿನಲ್ಲಿ ನಿಲ್ಲಿ.
ಕಾರ್ಡಿಫಿನಿಂದ ನಕ್ಷೆ ಕಳಿಸಿದವನಿಗೆ
ಮನುಷ್ಯ ಸದಾ ನಿಂತೇ ಇರುತ್ತಾನೆ ಅನ್ನುವ ಅಂದಾಜು.
ಮಲಗಿದವನನ್ನು ಹೊತ್ತು ತಿರುಗಲು ಇಲ್ಲಿ ಜಾಗವಿಲ್ಲ.
ತಲೆ ಎತ್ತು, ಕಾಲು ಇಳಿಸು, ತಾಳು, ತಾಳೋ, ಗೋಡೆ!
ಸ್ಟ್ರೆಚರಿನ ಹಿಡಿ ಪ್ರತಿ ಸಲ ಇದೇ ಮೂಲೆಗೆ ತಗುಲಿ
ಬೊಗಸೆಯಷ್ಟು ಗುಳಿ.
ಕೈಯಿಟ್ಟು ನೋಡಿ, ಸಂಕೋಚ ಬೇಡ.
ಎಷ್ಟು ಸಲ ಮೆತ್ತಿದರೂ ಉದುರುತ್ತಿತ್ತು.
ಕೊನೆಗೆ ಗಾರೆ ಕೆಲಸದ ಗೆತಿನ್ ಕೈ ಒರೆಸಿಕೊಂಡ:
‘ಬಿಡು ತೆಗ್ವೆನ್, ಅದಕ್ಕೂ ಒಂದಿಷ್ಟು ಜಾಗ ಬೇಕಂತೆ.’

ನಮ್ಮಪ್ಪ ಈ ತಿರುವು ದಾಟಿದ್ದು ಒಂದೇ ಸಲ, ಮೇಲಕ್ಕೆ.
ಇಳಿಸಿದ್ದು ಕಿಟಕಿಯಿಂದ, ಹಗ್ಗ ಕಟ್ಟಿ.
ಪೆಟ್ಟಿಗೆ ಬಳುಕುವುದಿಲ್ಲವಲ್ಲ.
ನನಗಾಗ ಒಂಬತ್ತು, ಅಂಗಳದಲ್ಲಿದ್ದೆ.
ಯಾರೋ ನನ್ನ ಟೋಪಿಯನ್ನು ಕಣ್ಣಿನ ಮೇಲಕ್ಕೆಳೆದರು.
ಉಣ್ಣೆಯ ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು.

ಇದು ಗಂಡಸರ ವಾರ್ಡು. ಹನ್ನೊಂದು ಮಂಚ,
ಹನ್ನೊಂದೂ ಎದೆಯಲ್ಲಿ ಕಲ್ಲಿದ್ದಲ ದೂಳು.
ಭಾನುವಾರ ಹಾಡುತ್ತಿದ್ದರು, ಸುಮ್ಮನಿರುವ ಜನವಲ್ಲ.
ಒಬ್ಬನಿಗೆ ಕೆಮ್ಮು ಬಂದರೆ
ಪಕ್ಕದ ಮಂಚದವನು ಆ ಸಾಲು ಎತ್ತಿಕೊಳ್ಳುತ್ತಿದ್ದ,
ಅವನಿಗೂ ಬಂದರೆ ಅದರಾಚೆಯವನು.
ಹಾಡು ಒಮ್ಮೊಮ್ಮೆ ಕಿಟಕಿ ಮುಟ್ಟುವುದರೊಳಗೆ ಮುಗಿಯುತ್ತಿತ್ತು,
ಒಮ್ಮೊಮ್ಮೆ ನಾನೇ ಬಕೆಟ್ಟು ಕೆಳಗಿಟ್ಟು
ಉಳಿದದ್ದನ್ನು ಮುಗಿಸಬೇಕಾಗುತ್ತಿತ್ತು.

ಲೆಡ್ಜರಿನ ಒಂದು ಮಾತು ಹೇಳಿಬಿಡುತ್ತೇನೆ.
ಮುಷ್ಕರದ ವರ್ಷ ಹೆಸರುಗಳಿವೆ, ಎದುರಿಗೆ ಪೆನ್ನಿಯಿಲ್ಲ.
ಗುಮಾಸ್ತ ಪ್ಯಾರಿ ‘ಬಾಕಿ’ ಅಂತ ಬರೆಯಲಿಲ್ಲ,
‘ಮನ್ನಾ’ ಅಂತಲೂ ಬರೆಯಲಿಲ್ಲ.
ಒಂದೊಂದು ಚುಕ್ಕೆ ಇಟ್ಟ, ವಾರ ವಾರವೂ,
ಮಸಿ ತೆಳ್ಳಗಾಗುವವರೆಗೆ.
ಬಾಗಿಲು ಮಾತ್ರ ಯಾರಿಗೂ ಮುಚ್ಚಲಿಲ್ಲ.
ಆ ಚಳಿಗಾಲ ಮೇಲಿನ ಕೋಣೆಯಲ್ಲಿ ಹುಟ್ಟಿದ ಕೂಸುಗಳಲ್ಲಿ
ನಾನೂ ಒಂದು. ಚುಕ್ಕೆಯ ಲೆಕ್ಕದವಳು.

ಹನ್ನೆರಡು ಫ್ಲಾಟು ಮಾಡುತ್ತಾರಂತೆ. ಮಾಡಲಿ,
ಜನ ಮಲಗಲೆಂದೇ ಕಟ್ಟಿದ್ದು.
ತೇವದ ದಿನ ಕಾರ್ಬಾಲಿಕ್ಕಿನ ವಾಸನೆ ಎದ್ದರೆ
ಪೈಪಿನ ದೋಷ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.
ಆದರೆ ಸೋಫಾ ಹೊತ್ತು ಬರುವ ಹುಡುಗರು
ಈ ತಿರುವಿನಲ್ಲಿ ನಿಂತೇ ನಿಲ್ಲುತ್ತಾರೆ,
ತಲೆ ಎತ್ತು, ಕಾಲು ಇಳಿಸು, ತಾಳೋ ಅನ್ನುತ್ತಾರೆ,
ಯಾರೂ ಹೇಳಿಕೊಡದೆ.

ಬರೆದಿರಾ? ಏನಂತ?
‘ಮೆಟ್ಟಿಲು, ಇಕ್ಕಟ್ಟು.’
ಸಾಕು, ಸುಳ್ಳಲ್ಲ.
ಉಳಿದ ಮೂರು ಗೆರೆ ನಿಮ್ಮಿಷ್ಟ.
ಹೋಗುವಾಗ ಬಾಗಿಲು ಜೋರಾಗಿ ಎಳೆದುಕೊಳ್ಳಿ,
ಅದು ತಾನಾಗಿ ಕೂರುವುದಿಲ್ಲ.